ತುಂಬೆಗೆ ಜೀನು ಕಟ್ಟಿದ ದಿನ

ಮಸಿನಗುಡಿಯ ಕೆಂಪಿ ಹದಿನೇಳಕ್ಕೇ ಮಲರ್‌ಕೊಡಿಯಮ್ಮನ ರೆಸಾರ್ಟಿನಲ್ಲಿ ಲದ್ದಿ ಬಾಚುವ ಕೆಲಸಕ್ಕೆ ಸೇರಿದವಳು. ಇಪ್ಪತ್ತು ವರ್ಷ ಕಳೆದ ಮೇಲೆ ಅಲ್ಲಿನ ಎಳೆಯ ಕುದುರೆಗಳನ್ನೆಲ್ಲ ಪಳಗಿಸುತ್ತಿದ್ದವಳು ಅವಳೇ. ಅವಳ ಕೈಯಲ್ಲಿ ಚಾವಟಿ ಕಂಡವರಿಲ್ಲ. ಮೂರು ವರ್ಷ ತುಂಬದ ಕುದುರೆಯ ಮೇಲೆ ಯಾರನ್ನೂ ಕೂರಿಸುತ್ತಿರಲಿಲ್ಲ. ಕುದುರೆ ಕಿವಿ ಹಿಂದಕ್ಕೆ ಹಾಕಿದರೆ ಅಂದಿನ ಪಾಠ ಅಲ್ಲಿಗೇ ಮುಗಿಯುತ್ತಿತ್ತು.

ತುಂಬೆ ಎಂಬ ಕಂದು ಹೆಣ್ಣುಕುದುರೆಯ ವಿಷಯದಲ್ಲಿ ಮಾತ್ರ ಒಂದು ಬೆಳಿಗ್ಗೆ ಎಡವಿದಳು.

ಅತಿಥಿಗಳಿಗೆ ಹೊಸ ಕುದುರೆ ತೋರಿಸಲು ಮಲರ್‌ಕೊಡಿಯಮ್ಮ ಬರುವವರಿದ್ದರು. ತುಂಬೆ ಅದುವರೆಗೆ ಬೆನ್ನ ಮೇಲೆ ಕಂಬಳಿ ಹೊದಿಸಿಕೊಂಡಿತ್ತು, ಅಷ್ಟೇ. ಕೆಂಪಿ ಅಂದು ಜೀನನ್ನೇ ಹೇರಿ ಹೊಟ್ಟೆಪಟ್ಟಿ ಬಿಗಿದಳು. ಕುದುರೆಯ ಬೆನ್ನು ಉಬ್ಬಿತು, ಬಾಲ ಸೆಟೆಯಿತು. ಅದನ್ನು ಕಂಡೂ, ‘ಒಂದೇ ಸುತ್ತು, ಆಮೇಲೆ ಬಿಚ್ಚಿಬಿಡ್ತೀನಿ’ ಅಂದುಕೊಂಡಳು.

ಅಷ್ಟರಲ್ಲಿ ಅಮ್ಮ ಬಂದ ಜೀಪಿನ ಬಾಗಿಲು ಧಡಾರೆಂದಿತು. ಹಗ್ಗ ಕೆಂಪಿಯ ಅಂಗೈ ಸುಲಿದುಕೊಂಡು ಹೋಯಿತು. ತುಂಬೆ ಬೇಲಿ ಹಾರಿತು. ಜೀನು ಹೊಟ್ಟೆಯಡಿಗೆ ತಿರುಗಿ ಕಾಲಿಗೆ ಬಡಿಯತೊಡಗಿತು. ಬಡಿದಷ್ಟೂ ಹೆದರಿ, ಹೆದರಿದಷ್ಟೂ ಓಡಿ ಅದು ಕಾಡಿಗೆ ನುಗ್ಗಿತು.

“ಯಾರೂ ಹಿಂದೆ ಬರಬೇಡಿ! ಜೀಪು ತರಬೇಡಿ!” ಎಂದು ಕೂಗಿ ಕೆಂಪಿ ಒಬ್ಬಳೇ ಓಡಿದಳು.

ಒಣಗಿದ ಹಳ್ಳದ ಆಚೆ ತುಂಬೆ ಸಿಕ್ಕಿತು. ಹಗ್ಗ ಲಂಟಾನ ಪೊದೆಗೆ ಸುತ್ತಿಕೊಂಡಿತ್ತು, ಹಿಂಗಾಲಿನಿಂದ ರಕ್ತ ಇಳಿಯುತ್ತಿತ್ತು. ಮೂವತ್ತು ಹೆಜ್ಜೆ ದೂರದಲ್ಲಿ ಒಂಟಿ ಕಾಟಿ, ಕೊಂಬು ತಗ್ಗಿಸಿದ ಕಾಡುಕೋಣ, ಇವರನ್ನೇ ನೋಡುತ್ತ ನಿಂತಿತ್ತು.

ಕೆಂಪಿ ನೇರ ಹೋಗಲಿಲ್ಲ. ಓರೆಯಾಗಿ ನಾಲ್ಕು ಹೆಜ್ಜೆ ನಡೆದು, ನೆಲ ನೋಡುತ್ತ ಕುಕ್ಕರಗಾಲಲ್ಲಿ ಕೂತಳು. ಕಾಟಿ ಬುಸ್ಸೆಂದಿತು. ಅವಳು ಏಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ತುಂಬೆ ತಲೆ ತಗ್ಗಿಸಿ ಬಾಯಿ ಚಪ್ಪರಿಸಿತು, ಹೆದರಿಕೆ ಇಳಿದ ಗುರುತು. ಆಗ ಎದ್ದು ಹೋಗಿ ಭುಜದ ಮೇಲೆ ಕೈಯಿಟ್ಟಳು. ಹೊಟ್ಟೆಪಟ್ಟಿಯ ಬಕಲು ಬಿಗಿದುಕೊಂಡು ಬಿಚ್ಚಲಾಗಲಿಲ್ಲ. ಹೊಟ್ಟೆಯಡಿಗೆ ಬಗ್ಗಲೇಬೇಕು, ಒಂದು ಒದೆ ಸಾಕು, ತಲೆ ಒಡೆಯಲು.

“ನಿಲ್ಲು ತಾಯಿ, ನಿಲ್ಲು,” ಎನ್ನುತ್ತ ಬಗ್ಗಿ, ಸೊಂಟದ ಚೂರಿಯಿಂದ ಪಟ್ಟಿ ಕೊಯ್ದಳು. ಜೀನು ದೊಪ್ಪೆಂದು ಬಿತ್ತು. ತುಂಬೆ ಪಕ್ಕಕ್ಕೆ ಒಂದು ನೆಗೆತ ನೆಗೆದು, ನಿಂತಿತು. ತಲೆಯೆತ್ತಿ ನೋಡಿದರೆ ಕಾಟಿ ಹೋಗಿಬಿಟ್ಟಿತ್ತು.

ತುಂಬೆಯನ್ನು ನಡೆಸಿಕೊಂಡು ಬಂದಾಗ ಅಂಗಳದಲ್ಲಿ ಮಲರ್‌ಕೊಡಿಯಮ್ಮ ಕೇಳಿದರು, “ಜೀಪಿನ ಸದ್ದಿಗೆ ಹೆದರಿತಾ ಕೆಂಪಿ?”

ಹೌದೆಂದರೆ ಮುಗಿಯುತ್ತಿತ್ತು. “ಇಲ್ಲಮ್ಮ, ತಪ್ಪು ನನ್ನದು. ನೀವು ನೋಡ್ತೀರಂತ ಅವಸರ ಮಾಡ್ದೆ.”

“ಈ ಸೀಸನ್ನಿಗೆ ಸವಾರಿಗೆ ಆಗುತ್ತಾ?”

“ಆಗಲ್ಲ. ಮುಂದಿನ ವರ್ಷ, ಅದೂ ತುಂಬೆ ಒಪ್ಪಿದರೆ.”

ಅಮ್ಮ ಮುಖ ಬಿಗಿದುಕೊಂಡರು, ಆದರೆ ಬೇಡವೆನ್ನಲಿಲ್ಲ.

ಗಾಯ ತಿಂಗಳಲ್ಲಿ ಮಾಗಿತು. ಹೆದರಿಕೆ ಹೋಗಲು ಮಳೆಗಾಲವೆಲ್ಲ ಬೇಕಾಯಿತು. ಜೀನಿನ ವಾಸನೆಗೇ ನಡುಗುವ ಕುದುರೆಗೆ ಕೆಂಪಿ ಮತ್ತೆ ಮೊದಲಿನಿಂದ ಕಲಿಸಿದಳು. ಮಾಘದ ಚಳಿಯಲ್ಲಿ ಒಂದು ಬೆಳಿಗ್ಗೆ ಅದರ ಬೆನ್ನೇರಿ ಕೂತಳು. ತುಂಬೆ ಕಿವಿ ಹೊರಳಿಸಿ, ನಿಟ್ಟುಸಿರು ಬಿಟ್ಟು, ಹತ್ತು ಹೆಜ್ಜೆ ನಡೆಯಿತು. ಇನ್ನೂ ನಡೆಯುತ್ತಿತ್ತೇನೋ, ಆದರೆ ಅಂದಿಗೆ ಅಷ್ಟು ಸಾಕೆಂದು ಕೆಂಪಿ ಇಳಿದು ಅದರ ಕತ್ತು ನೇವರಿಸಿದಳು.