ಟವೆಲು ಹಾಸಿದ ಕುರ್ಚಿ

ಬಸ್ಸಿನ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿಯುವ ವಿದ್ಯೆಯನ್ನು ಗ್ರಂಥಾಲಯಕ್ಕೂ ತಂದವನು ನಾನು. ನಮ್ಮ ಕಡೆ ಜಮೀನು ನಿಮ್ಮದೆನ್ನಲು ಹತ್ತಾರು ಕಾಗದ ಬೇಕು; ಕೂರುವ ಜಾಗಕ್ಕೆ ಒಂದು ಟವೆಲು ಸಾಕು. ಹಾಸನದ ಬಸ್ಸಿನಲ್ಲಿ ಎಂಥ ಪೈಲ್ವಾನನೂ ಟವೆಲು ಕಂಡರೆ ಗೊಣಗಿಕೊಂಡು ಮುಂದೆ ಹೋಗುತ್ತಾನೆ. ಹೊಳೆನರಸೀಪುರದ ಗ್ರಂಥಾಲಯದಲ್ಲಿ ಕಿಟಕಿ ಪಕ್ಕದ ಕುರ್ಚಿಗೆ ಬೆಳಿಗ್ಗೆಯೇ ಟವೆಲು ಹಾಸಿ, ಕಾಫಿ ಕುಡಿದು, ನಿಧಾನಕ್ಕೆ ಬಂದು ಪತ್ರಿಕೆ ಬಿಡಿಸುವುದು ನಿವೃತ್ತ ಮೇಷ್ಟ್ರಾದ ನನ್ನ ದಿನಚರಿ.

ಅಲ್ಲಿಗೆ ವೈಫೈ ಬಂತು. ಬಂದದ್ದೇನೋ ಸರಿ, ಹಳೇ ಕಟ್ಟಡದ ದಪ್ಪ ಗೋಡೆ ದಾಟಲಾರದೆ ನನ್ನ ಕುರ್ಚಿಯ ಹತ್ತಿರ ಮಾತ್ರ ಚೆನ್ನಾಗಿ ಸಿಗತೊಡಗಿತು. ನನ್ನದೋ ಗುಂಡಿ ಒತ್ತುವ ಹಳೇ ಮೊಬೈಲು. ಊರಿನ ಇಂಟರ್ನೆಟ್ಟಿಗೆಲ್ಲ ಬೆನ್ನು ಕೊಟ್ಟು ನಾನು ಹಾಯಾಗಿ ನಿಧನವಾರ್ತೆ ಓದುತ್ತಿದ್ದೆ.

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಸಾವಿತ್ರಮ್ಮ ಬಂದರು. ಪಕ್ಕದ ಹಳ್ಳಿಯವರು, ಹೊಲಗದ್ದೆಯನ್ನೆಲ್ಲ ತಾವೇ ನೋಡಿಕೊಳ್ಳುವ ಗಟ್ಟಿಗಿತ್ತಿ ಎಂದು ಗ್ರಂಥಪಾಲಕಿ ಪರಿಚಯಿಸಿದರು. ಮದುವೆಯಾಗಿ ನಿಂತುಹೋದ ಓದನ್ನು ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಹಿಡಿದು, ಗಣಿತವೊಂದನ್ನು ಬಿಟ್ಟು ಎಲ್ಲ ಪಾಸು ಮಾಡಿದ್ದರು. ಈ ಸಲವೂ ಹೋದರೆ ಪುಸ್ತಕಗಳನ್ನು ಅಟ್ಟಕ್ಕೆ ಹಾಕುತ್ತೇನೆಂದು ಮನೆಯಲ್ಲಿ ಹೇಳಿ ಬಂದಿದ್ದರಂತೆ.

"ಸಾ, ಒಸಿ ಎದ್ದೇಳ್ತೀರಾ? ಅಲ್ ಕೂತ್ರೇನೇ ನೆಟ್ ಬರಾದಂತೆ."

ಎದ್ದೆ. ಹಕ್ಕು ಉಳಿಯಲಿ ಎಂದು ಟವೆಲನ್ನು ಮಾತ್ರ ತೆಗೆಯಲಿಲ್ಲ. ಅವರು ಅದರ ಮೇಲೇ ಕೂತು ನಂಬರು ಒತ್ತಿದರು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಕುರ್ಚಿಯ ಸುತ್ತಮುತ್ತ ನಿಂತು ಕ್ರಿಕೆಟ್ ಸ್ಕೋರು, ಕೊಬ್ಬರಿ ಧಾರಣೆ, ರೀಲ್ಸು ನೋಡುತ್ತಿದ್ದವರೆಲ್ಲ ಯಾರೂ ಹೇಳದೆಯೇ ಒಬ್ಬೊಬ್ಬರಾಗಿ ತಮ್ಮ ವೈಫೈ ಆಫ್ ಮಾಡಿದರು. ಆಫ್ ಮಾಡಲು ನನ್ನ ಬಳಿ ಏನೂ ಇಲ್ಲವಲ್ಲ ಎಂದು ಮೊದಲ ಸಲ ಬೇಸರವಾಯಿತು. ಬೇರೇನೂ ತೋಚದೆ, ಗಾಳಿಯ ಜೊತೆ ನೆಟ್ಟೂ ಬಂದೀತೆಂದು ಕಿಟಕಿ ತೆರೆದೆ.

ಪುಟ ತೆರೆಯಿತು. ಸಾವಿತ್ರಮ್ಮ ನೋಡಿದರು, ನಂಬದೆ ಫೋನನ್ನು ನನ್ನ ಕೈಗೆ ಕೊಟ್ಟರು.

"ಒಂದ್ಸಲ ನೀವೂ ನೋಡಿ ಸಾ. ಪಾಸು ಅಂತಾನೇ ಐತಾ?"

"ಐತೆ ಕಣಮ್ಮ," ಅಂದೆ. ನನ್ನ ಬಾಯಲ್ಲೂ ಹಾಗೇ ಬಂತು. 'ನಿಶ್ಶಬ್ದ' ಎಂಬ ಬೋರ್ಡಿನ ಕೆಳಗೆ ಕೂತಿದ್ದ ಗ್ರಂಥಪಾಲಕಿಯೇ ಮೊದಲು ಚಪ್ಪಾಳೆ ತಟ್ಟಿದ್ದು. ನನ್ನದೇ ಶಾಲೆಯ ಮಕ್ಕಳು ಪಾಸಾದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಕೆಲವು ವಾರ ಕಳೆದು ಒಂದು ಬೆಳಿಗ್ಗೆ ಎಂದಿನಂತೆ ಟವೆಲು ಹಿಡಿದು ಹೋದರೆ, ನನ್ನ ಕುರ್ಚಿಯ ಮೇಲೆ ಆಗಲೇ ಒಂದು ಹೊಸ ಕೆಂಪು ಟವೆಲು. ಆನ್‌ಲೈನಿನಲ್ಲಿ ಪಿಯುಸಿ ಪಾಠ ಕೇಳಲು ಬಂದ ಸಾವಿತ್ರಮ್ಮ ಅದನ್ನು ಹಾಸಿ ಕಾಫಿಗೆ ಹೋಗಿದ್ದರು. ಬಸ್ಸಿನ ಪೈಲ್ವಾನನಂತೆ ನಾನೂ ಮುಂದೆ ಹೋದೆ. ಗೊಣಗಲು ಮಾತ್ರ ಆಗಲಿಲ್ಲ.