ಸಿದ್ದರಾಮಪ್ಪನವರು ಒರೆಸಿದ ಹಾಳೆ

ಗದಗ ಸೀಮೆಯ ಮಠವೊಂದರಲ್ಲಿ ಓಲೆಗರಿ ಕಾಯುತ್ತಲೇ ತಲೆ ನರೆತ ಸಿದ್ದರಾಮಪ್ಪನವರಿಗೆ ಮ್ಯೂನಿಕ್‌ನ ಮಗಳ ಮನೆಯಲ್ಲಿ ಕೆಲಸವೇ ಇರಲಿಲ್ಲ. ಕೆಲಸ ಮಾಡದ ದಿನ ಅವರಿಗೆ ಉಂಡ ರೊಟ್ಟಿ ಮೈಗೆ ಹತ್ತುತ್ತಿರಲಿಲ್ಲ. ಅವರ ಮುಖ ಬಾಡುವುದನ್ನು ನೋಡಲಾರದೆ ಮಗಳು ಬಸವೇಶ್ವರಿ, ತಾನು ಹಳೆಯ ಪುಸ್ತಕಗಳ ಫೋಟೊ ತೆಗೆಯುವ ಕ್ರೈಸ್ತ ಮಠದ ಗ್ರಂಥಾಲಯಕ್ಕೆ ಅವರನ್ನೂ ಕರೆದೊಯ್ಯತೊಡಗಿದಳು. ಅಲ್ಲಿ ಕಪಾಟಿನ ಧೂಳು ಹೊಡೆಯುತ್ತ ಮುದುಕ ಮತ್ತೆ ಮನುಷ್ಯನಾದರು.

ಒಂದು ಮಾತನ್ನು ಮಾತ್ರ ಅವಳು ಬಚ್ಚಿಟ್ಟಳು. ಅಲ್ಲಿನ ಹಳೆಯ ಹಾಳೆಗಳೆಲ್ಲ ಕರುವಿನ ಚರ್ಮ. ಕೊರಳಲ್ಲಿ ಲಿಂಗ ಕಟ್ಟಿಕೊಂಡ, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಅಪ್ಪ ಇದನ್ನು ತಿಳಿದರೆ ಮತ್ತೆ ಆ ಹೊಸ್ತಿಲು ತುಳಿಯುವರೇ? "ಹಳೇ ಕಾಲದ ದಪ್ಪ ಕಾಗದ ಅಪ್ಪಾ," ಅಂದುಬಿಟ್ಟಳು. ಪ್ರೀತಿಗೆ ಹೇಳಿದ ಸುಳ್ಳಿನಷ್ಟು ಕೆಟ್ಟದ್ದು ಬೇರೆ ಇಲ್ಲ. ಅದನ್ನು ಯಾರೂ ಅನುಮಾನಿಸುವುದಿಲ್ಲ.

ಗ್ರಂಥಾಲಯದ ಸನ್ಯಾಸಿ ಕಿಲಿಯಾನ್‌ರಿಗೆ ಕಣ್ಣು ಮಂಜಾಗುತ್ತಿತ್ತು. ಎಂಟನೇ ಶತಮಾನದ ಇಂಗ್ಲೆಂಡಿನಲ್ಲಿ, ಮಠದ ಕೋಣೆಯಲ್ಲೇ ಕುಳಿತು, ತನ್ನ ನಾಡಿನಲ್ಲಿ ಚರ್ಚು ಹೇಗೆ ಬೇರುಬಿಟ್ಟಿತೆಂದು ಕೇಳಿ, ವಿಚಾರಿಸಿ, ಬರೆದಿಟ್ಟ ಸನ್ಯಾಸಿಯೊಬ್ಬನ ಅಧ್ಯಯನದಲ್ಲೇ ಅವರ ಆಯುಷ್ಯ ಸವೆದಿತ್ತು. ಆ ಗುರುವಿನ ಕೊನೆಯ ಪಾಠವನ್ನು ಶಿಷ್ಯನೊಬ್ಬ ಬರೆದಿಟ್ಟ ಹಾಳೆ ಇಲ್ಲೇ ಕಪಾಟಿನಲ್ಲಿತ್ತು. ಇಂಗ್ಲೆಂಡಿನಿಂದ ಧರ್ಮ ಸಾರಲು ಬಂದವರು ತಂದದ್ದು. ಲೋಕದಲ್ಲಿ ಅದೊಂದೇ ಪ್ರತಿ. ಅದರ ಕೆಳಗಿನ ಸಾಲುಗಳು ಮಾಸಿಹೋಗಿದ್ದವು. ಮಾಸಿದ್ದನ್ನು ಓದುವ ವಿಶೇಷ ಕ್ಯಾಮೆರಾ ಬರುವುದು ಚಳಿಗಾಲ ಕಳೆದ ಮೇಲೆ. ಅಷ್ಟರಲ್ಲಿ ಕಣ್ಣು ಪೂರ್ತಿ ಹೋಗುತ್ತದೆಂದು ಡಾಕ್ಟರ್ ಹೇಳಿಯಾಗಿತ್ತು.

ಸಿದ್ದರಾಮಪ್ಪನವರಿಗೆ ತಮ್ಮ ಮಠದ ಮದ್ದು ನೆನಪಾಯಿತು. ಓಲೆಗರಿ ಮಾಸಿದರೆ ಮಜ್ಜಿಗೆಹುಲ್ಲಿನ ಎಣ್ಣೆಯಲ್ಲಿ ದೀಪದ ಕಪ್ಪು ಕಲಸಿ ಸವರಿ, ಬಟ್ಟೆಯಿಂದ ಒರೆಸಿದರಾಯಿತು. ಕಂಟವೆಂಬ ಕಬ್ಬಿಣದ ಮೊನೆಯಿಂದ ಕೊರೆದ ಗೀರಿನೊಳಗೆ ಕಪ್ಪು ನಿಂತು ಅಕ್ಷರ ಎದ್ದು ಕಾಣುತ್ತದೆ. ಅವರು ಬಾಲ್ಕನಿಯಲ್ಲಿ ಹಣತೆ ಹಚ್ಚಿ ಕಪ್ಪು ಹಿಡಿಯುವುದನ್ನು ಬಸವೇಶ್ವರಿ ಕಂಡಳು. ಪೂಜೆಗಿರಬೇಕು ಎಂದುಕೊಂಡು ಒಳಗೆ ಹೋದಳು.

ಮರುದಿನ ಅವಳು ಕ್ಯಾಮೆರಾ ಕೋಣೆಯಲ್ಲಿದ್ದಾಗ ಸಿದ್ದರಾಮಪ್ಪ ಎಣ್ಣೆಯಲ್ಲಿ ಆ ಕಪ್ಪು ಕಲಸಿದ ಶೀಶೆ ಹೊರತೆಗೆದರು. "ಮೈ ಮಠ, ಆಲ್ವೇಸ್ ದಿಸ್. ಲೆಟರ್ಸ್ ವಿಲ್ ಕಮ್," ಎಂದರು.

ಕಿಲಿಯಾನ್ ಶೀಶೆಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು. ಬಂದವರಿಗೆಲ್ಲ ಮುಟ್ಟಬೇಡಿ ಮುಟ್ಟಬೇಡಿ ಎಂದು ಹೇಳುತ್ತಲೇ ಮುದುಕರಾದವರು ಅವರು. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಅವರೇ ಕಪಾಟಿನ ಬೀಗ ತೆಗೆದರು.

ಎಣ್ಣೆ ತಾಗಿದೊಡನೆ ಸಾಲುಗಳು ನಿಜಕ್ಕೂ ಮೂಡಿದಂತಾಯಿತು. ಕಿಲಿಯಾನ್ ಭೂತಗನ್ನಡಿ ಹಿಡಿದು ಬಗ್ಗಿದರು. ಆಮೇಲೆ ಎಣ್ಣೆ ಹೀರಿದ ಹಾಳೆ ಗಾಜಿನಂತಾಗಿ, ಬೆನ್ನಿನ ಬರಹವೆಲ್ಲ ಈಚೆಗೆ ತೂರಿ ಬಂತು. ಶಾಯಿಯಲ್ಲಿ ಬರೆದ ಆ ಹಾಳೆಯಲ್ಲಿ ನಿಲ್ಲಲು ಗೀರೇ ಸಿಗದೆ ಕಪ್ಪು ಎಲ್ಲೆಡೆ ಹರಡಿತು. ಸಿದ್ದರಾಮಪ್ಪ ಒರೆಸಿದರು. ಒರೆಸಿದಷ್ಟೂ ಕಪ್ಪಾಯಿತು. ಆ ಕಪ್ಪಿನಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಸಾಲಾಗಿ ಎದ್ದವು, ರೋಮ ಕಿತ್ತ ಗುರುತುಗಳು. ಅವರ ಕೈ ನಿಂತಿತು.

ಬಸವೇಶ್ವರಿ ಬಾಗಿಲಲ್ಲಿ ನಿಂತಿದ್ದಳು.

"ಏನವ್ವಾ ಇದು?"

"ಚರ್ಮ ಅಪ್ಪಾ. ಕರುವಿಂದು. ನೀವು ಇಲ್ಲಿಗೆ ಬರೂದು ಬಿಟ್ಟಗಿಟ್ಟೀರಿ ಅಂತ ಹೇಳಲಿಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹೇಳಿದ್ರ ನಾ ಮುಟ್ಟತಿರಲಿಲ್ಲ ಬಸವ್ವಾ," ಎಂದರು. "ಮುಟ್ಟದಿದ್ರ ಉಳೀತಿತ್ತು."

ಮೇಜಿನ ಆಚೆ ಕಿಲಿಯಾನ್ ಇನ್ನೂ ಭೂತಗನ್ನಡಿ ಸರಿಸುತ್ತಲೇ ಇದ್ದರು. ಎಲ್ಲ ಕಪ್ಪಾಗಿಯೇ ಕಾಣುತ್ತಿದೆ, ಇವತ್ತೇ ಹೋಗಬೇಕಿತ್ತೇ ಈ ಕಣ್ಣು ಎಂದು ಗೊಣಗುತ್ತ, ಅಕ್ಷರ ಏನು ಹೇಳುತ್ತದೆ, ನೀವಾದರೂ ಓದಿ ಎಂದು ಬಸವೇಶ್ವರಿಯತ್ತ ಮುಖ ತಿರುಗಿಸಿದರು.