ಲಕ್ಕಮ್ಮನ ತಮ್ಮ ನೀರಿಗಿಳಿದದ್ದು

ಮದಲೂರಿನ ಕದರಪ್ಪ ಹುಣಸೆ ಮರ ಹತ್ತುವುದರಲ್ಲಿ ಎಷ್ಟು ಚುರುಕೋ, ಒಂದು ತೀರ್ಮಾನಕ್ಕೆ ಬರುವುದರಲ್ಲಿ ಅಷ್ಟೇ ನಿಧಾನ. ಹಿಂದೊಮ್ಮೆ ಮರದಿಂದ ಬಿದ್ದು ಸಿರಾದ ಆಸ್ಪತ್ರೆಯಲ್ಲಿ ಕಾಲು ಕಟ್ಟಿಸಿಕೊಂಡು ಮಲಗಿದ್ದಾಗ, ಗುರುತು ಪರಿಚಯವಿಲ್ಲದ ಪಾಸ್ಟರ್ ಜಯರಾಮಯ್ಯ ದಿನವೂ ಗಂಜಿ ತಂದು ಕುಡಿಸಿ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಹೋಗುತ್ತಿದ್ದರು. ಕದರಪ್ಪ ಯೇಸುವನ್ನು ನಂಬಿದ್ದು ಅಲ್ಲೇ, ಆ ಮಂಚದ ಮೇಲೆಯೇ. ಕಾಲು ನೆಟ್ಟಗಾಗಿ ಎಷ್ಟೋ ಸುಗ್ಗಿ ಕಳೆದವು. ಭಾನುವಾರ ಪ್ರಾರ್ಥನೆ ಮನೆಯ ಬೀಗ ತೆಗೆಯುವವನು ಅವನೇ, ಕಸ ಗುಡಿಸಿ ಚಾಪೆ ಹಾಸುವವನೂ ಅವನೇ. ನೀರಿನಲ್ಲಿ ಮುಳುಗಿ ಯೇಸುವಿನವನಾಗುವ ದೀಕ್ಷಾಸ್ನಾನದ ಮಾತು ಬಂದರೆ ಮಾತ್ರ ಚಾಪೆಯ ಅಂಚಿನ ಕಡ್ಡಿ ಕೀಳುತ್ತ ಕೂತುಬಿಡುತ್ತಿದ್ದ.

ಅವನನ್ನು ತಡೆದದ್ದು ಒಂದು ದೀಪ, ಅಕ್ಕ ಲಕ್ಕಮ್ಮನದು. ತಾಯಿ ತೀರಿಕೊಂಡಾಗ ಇನ್ನೂ ಸರಿಯಾಗಿ ಮಾತು ಬಾರದ ಈ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳು. ಹೆಣ್ಣು ನೋಡಲು ಬಂದವರಿಗೆಲ್ಲ ಇವನನ್ನೇ ತೋರಿಸಿ, ಇವನೂ ಜೊತೆಗೆ ಬರುತ್ತಾನೆ ಎಂದು ಹೇಳಿ, ಮದುವೆಯನ್ನೇ ಬಿಟ್ಟವಳು. ಅವಳ ಮನೆದೇವರು ಕದಿರಿ ನರಸಿಂಹಸ್ವಾಮಿ. ಕದರಪ್ಪನಿಗೆ ಹೆಸರು ಬಂದದ್ದೂ ಆ ದೇವರಿಂದಲೇ. ಅವಳ ಕಣ್ಣು ಪೂರ್ತಿ ಹೋದ ಮೇಲೆ ಶನಿವಾರದ ಸಂಜೆ ಗೂಡಿನಲ್ಲಿ ದೀಪ ಹಚ್ಚುವ ಕೆಲಸ ಅವನ ಪಾಲಿಗೆ ಬಂತು. ಶನಿವಾರ ಅಕ್ಕನ ದೇವರಿಗೆ ಬತ್ತಿ, ಭಾನುವಾರ ತನ್ನ ದೇವರಿಗೆ ಚಾಪೆ. ಪ್ರಾರ್ಥನೆ ಮನೆಯ ಸಭೆಯವರು ಗೊಣಗಿದರು. ಕದರಪ್ಪ ಕೇಳಿಸದವನಂತೆ ಇದ್ದುಬಿಟ್ಟ.

ಈ ವರ್ಷ ಕೆರೆ ತುಂಬಿತು. ಬರುವ ಭಾನುವಾರ ಅಲ್ಲೇ ದೀಕ್ಷಾಸ್ನಾನ ಎಂದು ಹೇಳಲು ಪಾಸ್ಟರು ಮನೆಗೇ ಬಂದರು. ಜಯರಾಮಯ್ಯ ಹಠದ ಮನುಷ್ಯ, ಒಳ್ಳೆಯವರೂ ಹೌದು. ಇವೆರಡೂ ಒಬ್ಬರಲ್ಲೇ ಸೇರಿದರೆ ಎದುರಿಗೆ ಕೂತವನ ಗತಿ ಕಷ್ಟ. ಗೂಡಿನ ದೀಪ ಹಚ್ಚುವ ಕೈಯನ್ನು ಹಿಡಿದು ನೀರಿಗಿಳಿಸಲು ತಮ್ಮ ಮನಸ್ಸು ಒಪ್ಪುವುದಿಲ್ಲ ಎಂದರು. ರಕ್ಷಣೆ ಸಿಗುವುದು ನಂಬಿಕೆಯಿಂದಲೇ, ದೇವರ ಮಾತಿಗೆ ತೋರುವ ವಿಧೇಯತೆ ಅದಕ್ಕೆ ತೆರುವ ಬೆಲೆಯಲ್ಲ. ಆದರೂ ಬೇರು ಬದುಕಿದ್ದರೆ ಮರ ಚಿಗುರಲೇಬೇಕಲ್ಲ ಎಂದರು. ಕದರಪ್ಪನ ಭಯವೂ ಅದೇ. ಚಿಗುರದ ತನ್ನನ್ನು ಕೊನೆಯ ದಿನ ಯೇಸು ಗುರುತೇ ಹಿಡಿಯದಿದ್ದರೆ ಏನು ಗತಿ?

ಅವನು ಶಿಲುಬೆಯ ಕಳ್ಳನ ಮೊರೆಹೊಕ್ಕ. ಯೇಸುವಿನ ಪಕ್ಕದಲ್ಲೇ ಸಾಯುತ್ತಿದ್ದ ಆ ಕಳ್ಳ ಯಾವ ಕೆರೆಗೂ ಇಳಿಯಲಿಲ್ಲ, ಬರೀ ನಂಬಿದ, ಆದರೂ ಸ್ವರ್ಗಕ್ಕೆ ಹೋದನಲ್ಲ ಎಂದು ಕೇಳಿದ.

"ಅವನ ಕೈಗೆ ಮೊಳೆ ಹೊಡೆದಿದ್ರು ಕದರಪ್ಪ. ನಿನ್ನ ಕೈ ಬಿಡುವಾಗೈತಲ್ಲ," ಎಂದರು ಪಾಸ್ಟರು.

"ಎಲ್ಲಿ ಬಿಡುವು ಅಯ್ನೋರೆ? ಅಕ್ಕನ್ನ ಹಿಡ್ಕಂಡೈತೆ."

ಜಯರಾಮಯ್ಯ ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಒಳಗೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಲಕ್ಕಮ್ಮನ ಕೈಯೂ ಆಗಲೇ ನಿಂತಿತ್ತು.

ಶನಿವಾರ ಸಂಜೆ ಕದರಪ್ಪ ಎಣ್ಣೆ ಬಟ್ಟಲು ಹಿಡಿದು ಬಂದರೆ ಗೂಡಿನಲ್ಲಿ ದೀಪವೇ ಇಲ್ಲ. ಪಕ್ಕದ ಮನೆಯ ಈಶ್ವರಮ್ಮನ ಕೈಗೆ ಕೊಟ್ಟುಬಿಟ್ಟೆ, ಇನ್ನು ಅವರ ಮನೆಯಲ್ಲೇ ಉರಿಯುತ್ತದೆ, ನಾನು ಅಲ್ಲಿಗೇ ಹೋಗಿ ಕೈಮುಗಿಯುತ್ತೇನೆ ಎಂದಳು ಲಕ್ಕಮ್ಮ. ತಾನು ಕೇಳಲಿಲ್ಲವಲ್ಲ ಎಂದು ಅವನು ತೊದಲಿದ.

"ಕೇಳೋನಲ್ಲ ನೀನು, ಗೊತ್ತು. ನಿನ್ನ ಎತ್ಕಂಡು ಸಾಕಿದ್ದು ಕಟ್ಟಾಕ್ಕಂಡಿರಾಕಲ್ಲ ಕಣ್ಲಾ."

"ನಿಂಗೆ ಬೇಜಾರಿಲ್ವೇನಕ್ಕ?"

"ಐತೆ," ಎಂದಳು ಲಕ್ಕಮ್ಮ. "ಬೇಜಾರೈತೆ. ಆದ್ರೂ ಓಗು."

ಅರವತ್ತು ದಾಟಿದ ಗಂಡಸು ಎಣ್ಣೆ ಬಟ್ಟಲು ಕೆಳಗಿಟ್ಟು ಅಕ್ಕನ ಮಡಿಲಲ್ಲಿ ಮುಖವಿಟ್ಟು ಅತ್ತ. ಅವಳ ಬೆರಳಿಗೆಲ್ಲ ಹುಣಸೆಯ ಅಂಟು. ಅದೇ ಕೈಯಲ್ಲಿ ಅವನ ತಲೆ ಸವರಿದಳು.

ಭಾನುವಾರ ಅವಳೂ ಕೆರೆಗೆ ಬಂದಳು. ಬೇಡ ಎಂದವರಿಗೆ, ಒದ್ದೆ ಮೈಯಲ್ಲಿ ಬರುವವನಿಗೆ ಒಣಬಟ್ಟೆ ಕೊಡುವವರು ಯಾರು ಎಂದು ಗದರಿದಳು. ಟವೆಲ್ಲು, ಪಂಚೆ, ಅಂಗಿ ಎದೆಗವಚಿಕೊಂಡು ಕೆರೆಯ ಮೆಟ್ಟಿಲ ಮೇಲೆ ಕೂತಳು. ಸೊಂಟಮಟ್ಟದ ನೀರಿನಲ್ಲಿ ಪಾಸ್ಟರು ನಿಂತಿದ್ದರು. ಕದರಪ್ಪ ನೀರಿನಲ್ಲಿ ಕಾಲೆಳೆಯುತ್ತ ಅವರ ಬಳಿ ಹೋದ. ಪಾಸ್ಟರು ತಂದೆಯ, ಮಗನ, ಪವಿತ್ರಾತ್ಮನ ಹೆಸರು ಹೇಳಿ ಅವನನ್ನು ಹಿಂದಕ್ಕೆ ಬಾಗಿಸಿ ಮುಳುಗಿಸಿದರು.

ಲಕ್ಕಮ್ಮನಿಗೆ ಕೇಳಿಸಿದ್ದು ಒಬ್ಬ ಮನುಷ್ಯ ನೀರಿನೊಳಗೆ ಹೋದ ಸದ್ದು ಮಾತ್ರ. ಅವಳು ತಟ್ಟನೆ ಎದ್ದುನಿಂತಳು.

"ಎದ್ನಾ? ನಮ್ಮುಡುಗ ಎದ್ನಾ?"

"ಎದ್ದ ಕಣಮ್ಮ," ಎಂದರು ಪಾಸ್ಟರು.

ಕದರಪ್ಪ ನೀರು ಸುರಿಸುತ್ತ ಮೆಟ್ಟಿಲು ಹತ್ತಿ ಬಂದು ಅವಳ ಕೈ ಹಿಡಿದ. ಅವಳು ತಡವಿ ತಡವಿ ಅವನ ಮುಖ ಹುಡುಕಿ, ತಲೆ ಬಗ್ಗಿಸಲು ಹೇಳಿ, ಹಸುಗೂಸಿಗೆ ಒರೆಸುವಂತೆ ಕಿವಿಯ ಹಿಂದೆಲ್ಲ ಒರೆಸತೊಡಗಿದಳು. ಹಾಡು ಎತ್ತಬೇಕಿದ್ದ ಜಯರಾಮಯ್ಯ, ಅವಳು ಒರೆಸಿ ಮುಗಿಸುವವರೆಗೂ ನೀರಿನಲ್ಲೇ ಕಾದು ನಿಂತರು.